ಕೆಂಪಾದ ಹೆಸರು

ಅಭಿಜಿತ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವನ ಬಗ್ಗೆ ಒಳ್ಳೆಯ ಮಾತು ಹೇಳುವ ಸಂದರ್ಭ ಅಷ್ಟಾಗಿ ಬರುವುದಿಲ್ಲ. ಮುಂಬೈ ಪಕ್ಕದ ಠಾಣೆಯ ನೌಪಾಡಾದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿಯ ಮಧ್ವರಾಜರ ಒಬ್ಬನೇ ಮಗ. ಗಲ್ಲಾದ ಮೇಲೆ ಕೂರಲಾರೆ ಎಂದು ಹಟ ಹಿಡಿದು ಇಂಜಿನಿಯರಿಂಗ್ ಓದಿದ. ಈಗ ನವಿ ಮುಂಬೈಯ ಮಹಾಪೆಯಲ್ಲಿ ಒಂದು ಸಣ್ಣ ಕಂಪನಿ ಸೇರಿ, ವೈರ್‌ಲೆಸ್ ಸೆಟ್ಟುಗಳಿಗೆ ಬುದ್ಧಿ ಕಲಿಸುವ ಕೆಲಸ ಮಾಡುತ್ತಿದ್ದ.

ಆ ಸೆಟ್ಟುಗಳು ಹೋದದ್ದು ಘಣಸೋಲಿಯ ಹಿಂದಿನ ಗುಡ್ಡದೊಳಗೆ ಕೊರೆಯುತ್ತಿದ್ದ ನೀರಿನ ಸುರಂಗಕ್ಕೆ. ನೆಲದಡಿಗೆ ಇಳಿದರೆ ಮೊಬೈಲು ಇದ್ದೂ ಇಲ್ಲದ ಹಾಗೆ. ತಂತಿ ಎಳೆದರೆ ಮಣ್ಣು ಹೊರುವ ಗಾಡಿಗಳು ಕಿತ್ತುಕೊಂಡು ಹೋಗುತ್ತವೆ. ಅದಕ್ಕೇ ಪ್ರತಿ ಕೆಲಸಗಾರನ ಹೆಲ್ಮೆಟ್ಟಿಗೂ ಒಂದು ಪುಟ್ಟ ಸೆಟ್ಟು ಕೂರಿಸಿದ್ದರು. ಸುರಂಗದ ತುದಿಯಲ್ಲಿ ಇದ್ದವನು ‘ಗಾಳಿ ಸಾಲದು’ ಎಂದರೆ ಅವನ ಸೆಟ್ಟು ಆ ಮಾತನ್ನು ಪಕ್ಕದವನ ಸೆಟ್ಟಿಗೆ ಕೊಡುತ್ತದೆ, ಅದು ಅದರಾಚೆಯವನಿಗೆ, ಹೀಗೆ ಕೈಯಿಂದ ಕೈಗೆ ದಾಟುತ್ತಾ ಮಾತು ಮೇಲಿನ ಆಫೀಸು ಮುಟ್ಟುತ್ತದೆ. ಟವರು ಬೇಡ, ದೊಡ್ಡ ಯಂತ್ರ ಬೇಡ, ಜನ ಇದ್ದರೆ ಸಾಕು.

ಆದರೆ ನಡುವೆ ಒಬ್ಬ ಮಾತನ್ನು ನುಂಗಿದರೆ? ಹಿಂದೆ ಇನ್ನೊಂದು ಸೈಟಿನಲ್ಲಿ ಹಾಗೇ ಆಗಿತ್ತು. ಕಳ್ಳರು ಒಂದು ಸೆಟ್ಟು ಹಾರಿಸಿ, ಕಾವಲುಗಾರರ ಮಾತೆಲ್ಲ ಅದಕ್ಕೇ ಬಂದು ಬೀಳುವಂತೆ ಮಾಡಿ, ಯಾರಿಗೂ ಸುದ್ದಿ ಮುಟ್ಟದ ಹಾಗೆ ಕಬ್ಬಿಣ ಸಾಗಿಸಿದ್ದರು. ಹಾಗಾಗಿ ಯಾವ ಸೆಟ್ಟಿನ ಕೈಗೆ ಮಾತು ಕೊಡಬೇಕು, ಯಾವುದರ ಕೈಗೆ ಕೊಡಬಾರದು ಎಂಬುದನ್ನು ಸೆಟ್ಟುಗಳೇ ತೀರ್ಮಾನ ಮಾಡುವಂತೆ ಕಲಿಸುವುದು ಅಭಿಜಿತನ ಪಾಲಿಗೆ ಬಂತು.

ದಾರಿ ಅವನಿಗೆ ಹೊಳೆದದ್ದು ಅಪ್ಪನ ಹೋಟೆಲಿನಲ್ಲಿ. ನಮ್ಮ ಉಡುಪಿ ಹೋಟೆಲಿನವರಿಗೆ ಕೆಲಸಕ್ಕೆ ಬಂದವನ ಕಾಗದಪತ್ರ ಬೇಕಿಲ್ಲ. ಹಿಂದೆ ಎಲ್ಲಿದ್ದೆ ಎಂದು ಕೇಳುತ್ತಾರೆ, ಆ ಹೋಟೆಲಿನ ಧಣಿಗೆ ಫೋನು ಹಚ್ಚುತ್ತಾರೆ, ‘ಜನ ಹೇಗೆ?’ ಎಂದು ಒಂದೇ ಮಾತು ಕೇಳುತ್ತಾರೆ. ‘ಅಡ್ಡಿಲ್ಲ’ ಎಂಬ ಉತ್ತರ ಬಂದರೆ ಅವತ್ತೇ ಸಾರಿನ ಸೌಟು ಕೈಗೆ ಸಿಗುತ್ತದೆ. ‘ಸ್ವಲ್ಪ ನೋಡಿಕೊಳ್ಳಿ’ ಎಂದರೋ, ಠಾಣೆಯಿಂದ ಕಲ್ಯಾಣದವರೆಗೆ ಒಂದು ಅಡುಗೆಮನೆಯ ಬಾಗಿಲೂ ತೆರೆಯುವುದಿಲ್ಲ. ಅಭಿಜಿತ್ ಇದನ್ನೇ ಸೆಟ್ಟುಗಳಿಗೆ ಕಲಿಸಿದ. ಮಾತು ಕೊಟ್ಟ ಮೇಲೆ ಸೆಟ್ಟು ಕಿವಿಗೊಟ್ಟು ಕೇಳಬೇಕು. ಪಕ್ಕದವನು ಅದನ್ನು ಮುಂದೆ ದಾಟಿಸಿದರೆ ಅವನ ಅಂಕ ಏರುತ್ತದೆ, ದಾಟಿಸದಿದ್ದರೆ ಇಳಿಯುತ್ತದೆ. ಅರ್ಧ ಅಂಕ ಸ್ವಂತ ಕಂಡದ್ದಕ್ಕೆ, ಇನ್ನರ್ಧ ನೆರೆಹೊರೆಯ ಸೆಟ್ಟುಗಳು ಹೇಳಿದ್ದಕ್ಕೆ. ಅಂಕ ತೀರಾ ಕೆಳಗೆ ಹೋದವನನ್ನು ಎಲ್ಲರೂ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ.

ದಾಟಿಸದವನು ಬೇರೆ, ದಾಟಿಸಲು ಆಗದವನು ಬೇರೆ ಎಂಬುದು ಅವನಿಗೆ ಹೊಳೆಯಲಿಲ್ಲವೆ? ಹೊಳೆದಿತ್ತು. ಎರಡರಲ್ಲೂ ಸೆಟ್ಟಿನ ಕಿವಿಗೆ ಕೇಳುವುದು ಒಂದೇ ಮೌನ ಎಂಬುದೂ ಗೊತ್ತಿತ್ತು. ಮುಂದಿನ ಸಲ ಸರಿಪಡಿಸೋಣ ಎಂದು ಬಿಟ್ಟಿದ್ದ. ಓದಿದವರ ಮುಂದಿನ ಸಲ ಯಾವತ್ತೂ ಬರುವುದಿಲ್ಲ, ಅದು ಬೇರೆ ವಿಷಯ.

ಸುರಂಗದ ಯಜಮಾನರು ಒಂದು ದಿನ ದೊಡ್ಡ ಆಫೀಸರುಗಳನ್ನು ಕರೆತಂದು ತೋರಿಸುವುದೆಂದಾಯಿತು. ಅವರು ಮೆಚ್ಚಿದರೆ ಇನ್ನೂ ಮೂರು ಸುರಂಗಗಳ ಆರ್ಡರು. ಪರದೆಯ ಮೇಲೆ ಬರೀ ನಂಬರುಗಳು ಓಡಾಡುತ್ತಿದ್ದರೆ ಯಾರಿಗೆ ಏನು ತಿಳಿಯಬೇಕು ಎಂದು ಅಭಿಜಿತ್ ಸೆಟ್ಟುಗಳ ನಂಬರು ತೆಗೆದು ಅವನ್ನು ತೊಟ್ಟವರ ಹೆಸರು ಹಾಕಿದ. ಒಳ್ಳೆಯ ಅಂಕದ ಹೆಸರಿಗೆ ಹಸಿರು, ಕೆಟ್ಟದ್ದಕ್ಕೆ ಕೆಂಪು. ಚೆಂದ ಕಾಣಲಿ ಎಂದು ಮಾಡಿದ ಕೆಲಸ. ಮನೆ ಸುಡುವ ಕೆಲಸಗಳು ಎಷ್ಟೋ ಸಲ ಚೆಂದಕ್ಕಾಗಿಯೇ ಶುರುವಾಗುತ್ತವೆ.

ಆ ದಿನ ಪರದೆಯ ತುಂಬ ಹಸಿರು. ನಡುವೆ ಒಂದೇ ಒಂದು ಹೆಸರು ಕೆಂಪಗೆ: ಹುಲಗಪ್ಪ.

ಹುಲಗಪ್ಪ ಎಂದರೆ ಬಾವಿಬಾಯಿಯ ಹುಲಗಪ್ಪ. ಸುರಂಗಕ್ಕೆ ಇಳಿಯಲು ನೆಟ್ಟಗೆ ಕೊರೆದ ಗುಂಡಿಯನ್ನು ಅಲ್ಲಿನವರು ಬಾವಿ ಎನ್ನುತ್ತಾರೆ. ಅದರ ಅಂಚಿನಲ್ಲಿ ನಿಂತು ಕೆಳಗೆ ನೋಡಿ, ‘ಎತ್ತ್ರಿ’, ‘ಬಿಡ್ರಿ’, ‘ತಡೀರಿ’ ಎಂದು ಕೂಗುವುದು ಅವನ ಕೆಲಸ. ತೊಟ್ಟಿ ಎತ್ತಿ ಇಳಿಸುವ ವಿಂಚಿನ ಯಂತ್ರದ ಮೇಲೆ ಕೂತ ಮಾಪಣ್ಣನಿಗೆ ತಳ ಕಾಣುವುದಿಲ್ಲ. ಹುಲಗಪ್ಪನ ಗಂಟಲು ಕೇಳಿ ಹಿಡಿಕೆ ಎಳೆಯುತ್ತಾನೆ. ಕಬ್ಬಿಣದ ತೊಟ್ಟಿ ಮನುಷ್ಯರನ್ನೋ ಕಲ್ಲನ್ನೋ ಹೊತ್ತು ಏರುತ್ತದೆ, ಇಳಿಯುತ್ತದೆ. ರಾಯಚೂರಿನ ಲಿಂಗಸುಗೂರು ಕಡೆಯಿಂದ ಬಂದ ಆ ಗುಂಪಿಗೆಲ್ಲ ಹುಲಗಪ್ಪನೇ ಹಿರಿಯ. ಎಷ್ಟೋ ವರ್ಷ, ಎಷ್ಟೋ ಬಾವಿಗಳಲ್ಲಿ, ಇಡೀ ಗುಂಪಿನ ಜೀವ ಅವನ ಒಂದು ಕೂಗಿಗೆ ಮೇಲೆ ಕೆಳಗೆ ಆಡಿದೆ.

ಬಂದ ಆಫೀಸರುಗಳು ಮೆಚ್ಚಿ ಹೋದರು. ಸೈಟಿನ ಭದ್ರತೆ ನೋಡಿಕೊಳ್ಳುವ ರಘುಪತಿ ಮಾತ್ರ ಪರದೆ ಬಿಟ್ಟು ಏಳಲಿಲ್ಲ. ಬೆಂಗಳೂರಿನ ಮನುಷ್ಯ. ಹಿಂದಿನ ವಾರವಷ್ಟೇ ಸೈಟಿನಿಂದ ತಾಮ್ರದ ಕೇಬಲ್ಲಿನ ಒಂದು ದೊಡ್ಡ ಸುರುಳಿ ಕಾಣೆಯಾಗಿ, ಮೇಲಿನವರಿಂದ ಬೈಸಿಕೊಂಡಿದ್ದ.

“ಏನ್ರೀ ಇದು, ಇವನೊಬ್ಬ ಕೆಂಪಗಿದಾನೆ?”

“ಅವನ ಸೆಟ್ಟು ಮೆಸೇಜ್ ಮುಂದೆ ಕೊಡ್ತಾ ಇಲ್ಲ ಸರ್. ನುಂಗ್ತಾ ಉಂಟು.”

“ಯಾರು ಹೇಳಿದ್ದು?”

“ಪಕ್ಕದ ಸೆಟ್ಟುಗಳೇ. ಅವನ ಗುಂಪಿನವ್ರದ್ದೇ.”

“ಗ್ಯಾರಂಟಿನಾ? ಸುಮ್ನೆ ಏನೋ ತೋರಿಸ್ತಿಲ್ಲ ತಾನೆ?”

ಅಭಿಜಿತ್ ಆಗ ಹೇಳಬಹುದಾಗಿತ್ತು, ಬೇರೆ ಕಾರಣವೂ ಇರಬಹುದು ಸರ್, ನೋಡಿ ಹೇಳುತ್ತೇನೆ ಎಂದು. ಅಷ್ಟು ಹೇಳಲು ಎಷ್ಟು ಹೊತ್ತು? ಆದರೆ ಆಫೀಸರುಗಳು ಹೊಗಳಿದ ಬಿಸಿ ಇನ್ನೂ ಆರಿರಲಿಲ್ಲ. “ಸಿಸ್ಟಮ್ ಸುಳ್ಳು ಹೇಳಲ್ಲ ಸರ್,” ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ವಾರವೇ ಹುಲಗಪ್ಪನನ್ನು ಸೈಟಿನಿಂದ ಕಳಿಸಿದರು. ಕೇಬಲ್ ಕದ್ದನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ‘ನಿನ್ನ ಮಂದಿಯ ಸೆಟ್ಟುಗಳೇ ನೀನು ಸರಿಯಿಲ್ಲ ಅಂತಿವೆ’ ಎಂದಷ್ಟೇ ಹೇಳಿದರು. ಹುಲಗಪ್ಪ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು, ತನ್ನ ಗುಂಪಿನ ಕಡೆ ಒಮ್ಮೆ ನೋಡಿ, ಏನೂ ಕೇಳದೆ ಹೋದನಂತೆ. ಅಭಿಜಿತನಿಗೆ ಇದು ತಿಳಿದದ್ದು ಮರುದಿನ. ಮನಸ್ಸಿಗೆ ಕಸಿವಿಸಿಯಾಯಿತು, ನಿಜ. ಆದರೆ ಕಳ್ಳನೇ ಇರಬೇಕು, ಇಲ್ಲದಿದ್ದರೆ ಅಂಕ ಯಾಕೆ ಬೀಳುತ್ತಿತ್ತು ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡ.

ಆ ಸಮಾಧಾನ ಮುಂದಿನ ಮಂಗಳವಾರದವರೆಗೆ ಬಾಳಿತು.

ಅವತ್ತು ಬೆಳಿಗ್ಗೆ ಸೆಟ್ಟುಗಳ ಬ್ಯಾಟರಿ ನೋಡಲೆಂದು ಅವನೇ ಬಾವಿಗೆ ಇಳಿದಿದ್ದ. ತಳದಲ್ಲಿ, ಸುರಂಗ ಶುರುವಾಗುವ ಕಡೆ, ಬಂಡೆಯಲ್ಲಿ ಒಂದು ಗೂಡು. ಅದರಲ್ಲಿ ಹುಲಿಗೆಮ್ಮನ ಪಟ, ಕುಂಕುಮ, ಒಂದು ಹಣತೆ. ಮಂಗಳವಾರ, ಶುಕ್ರವಾರ ಕೆಲಸ ಹಿಡಿಯುವ ಮೊದಲು ಗುಂಪಿನ ಪರವಾಗಿ ಒಬ್ಬರು ಕೂತು ಪೂಜೆ ಮಾಡುವುದು ಪದ್ಧತಿ. ಉಳಿದವರು ನಿಂತು ಕೈಮುಗಿದು ಮುಂದೆ ಹೋಗುತ್ತಾರೆ. ಹುಲಗಪ್ಪ ಹೋದ ಮೇಲೆ, ರಾತ್ರಿ ಪಾಳಿಯವನು ವಿಂಚು ಬಿಡುವ ಮೊದಲೇ ಇಳಿದು ಪೂಜೆ ಮಾಡುವುದು ಮಾಪಣ್ಣನ ಪಾಲಿಗೆ ಬಂದಿತ್ತು. ಮಾಪಣ್ಣ ಚಪ್ಪಲಿ ಬಿಟ್ಟ, ಹೆಲ್ಮೆಟ್ಟು ತೆಗೆದ, ಪಕ್ಕದಲ್ಲಿದ್ದ ಕಬ್ಬಿಣದ ಹತಾರದ ಪೆಟ್ಟಿಗೆಯೊಳಗೆ ಅದನ್ನಿಟ್ಟು ಮುಚ್ಚಳ ಹಾಕಿದ.

“ಅದ್ಯಾಕೆ ಪೆಟ್ಟಿಗೆಯಲ್ಲಿ?” ಎಂದು ಅಭಿಜಿತ್ ಕೇಳಿದ.

“ತಾಯಿ ಮುಂದ ತಲಿಮ್ಯಾಲ ಏನೂ ಇರಬಾರ್ದರಿ. ಬೆವರಿನ ಸಾಮಾನು ಆಕಿ ಕಣ್ಣಿಗೆ ಬೀಳಬಾರ್ದು. ಹುಲಗಪ್ಪ ಮಾಮಾ ಹಿಂಗ ಮಾಡತಿದ್ದ, ನಾನೂ ಹಂಗ ಮಾಡಾಕತ್ತೀನ್ರಿ.”

ಅಭಿಜಿತನ ಕೈಯಲ್ಲಿ ಅಂಕ ತೋರಿಸುವ ಪುಟ್ಟ ಪರದೆ ಇತ್ತು. ರಾತ್ರಿ ಪಾಳಿಯವರು ಒಳಗಿನಿಂದ ಮಾತು ಕಳಿಸುತ್ತಿದ್ದರು. ಬಾವಿಯ ತಳದಲ್ಲಿರುವ ಸೆಟ್ಟೇ ಮೇಲಕ್ಕೆ ದಾಟಿಸಬೇಕು. ಆದರೆ ಅದು ಕಬ್ಬಿಣದ ಹೊಟ್ಟೆಯಲ್ಲಿ ಕೂತಿದೆ, ಹೊರಗಿನದು ಒಳಕ್ಕಿಲ್ಲ, ಒಳಗಿನದು ಹೊರಕ್ಕಿಲ್ಲ. ಒಂದು ಸೆಟ್ಟು ಕೂಗಿ ನೋಡಿತು, ಮಾಪಣ್ಣನ ಅಂಕ ಇಳಿಯಿತು. ಇನ್ನೊಂದು ಕೂಗಿತು, ಮತ್ತೆ ಇಳಿಯಿತು. ಒಂದು ಇನ್ನೊಂದಕ್ಕೆ ಚಾಡಿ ಹೇಳಿತು. ಮಾಪಣ್ಣ ಕಣ್ಣು ಮುಚ್ಚಿ ಮಂತ್ರವೋ ಹಾಡೋ ಏನನ್ನೋ ಗುನುಗುತ್ತಿದ್ದ. ಅವನು ದೀಪಕ್ಕೆ ಎಣ್ಣೆ ಹೊಯ್ಯುವ ಹೊತ್ತಿಗೆ ಪರದೆಯ ಮೇಲಿನ ಅವನ ಹೆಸರು ಹಸಿರು ಬಿಟ್ಟು, ಕೆಂಪಿಗೆ ಮೊದಲಿನ ಹಳದಿಗೆ ತಿರುಗಿತ್ತು.

ಅಭಿಜಿತನಿಗೆ ಈಗ ಅರ್ಥವಾಯಿತು. ಹುಲಗಪ್ಪ ಏನನ್ನೂ ನುಂಗಿರಲಿಲ್ಲ. ಎಲ್ಲರ ಜೀವ ಕಾಯೇ ತಾಯೀ ಎಂದು ಕೂತ ಹೊತ್ತಿನಲ್ಲಿ ಎಲ್ಲರ ಸೆಟ್ಟುಗಳೂ ಸೇರಿ ಅವನನ್ನು ಕಳ್ಳನ ಸಾಲಿಗೆ ನಿಲ್ಲಿಸಿದ್ದವು. ನಿಲ್ಲಿಸಿದ್ದು ಸೆಟ್ಟುಗಳೂ ಅಲ್ಲ, ತಾನು.

ಈಗ ಏನು ಮಾಡಬೇಕಿತ್ತು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಮೇಲೆ ಹತ್ತಿ ಬಂದು ರಘುಪತಿಯ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಬೇಕಿತ್ತು. ಅವನೂ ಹಾಗೇ ಅಂದುಕೊಂಡೇ ತೊಟ್ಟಿ ಹತ್ತಿದ. ಮೇಲೆ ಬರುವಷ್ಟರಲ್ಲಿ ಮೂರು ಸುರಂಗಗಳ ಆರ್ಡರು ನೆನಪಾಯಿತು. ಇನ್ನೂ ಸಹಿ ಬಿದ್ದಿರಲಿಲ್ಲ. ಅವನು ಮಹಾಪೆಯ ಆಫೀಸಿಗೆ ಹೋಗಿ ಕೂತು, ಬಾವಿಯ ತಳದಲ್ಲಿ ಸುಮ್ಮನಾದ ಸೆಟ್ಟಿನ ಅಂಕ ಇಳಿಯದ ಹಾಗೆ ಲೆಕ್ಕ ತಿದ್ದಿದ. ಸಂಜೆಯ ಹೊತ್ತಿಗೆ ಮಾಪಣ್ಣನ ಹೆಸರು ಮತ್ತೆ ಹಸಿರಾಯಿತು. ಹೀಗೆ ಮಾಪಣ್ಣ ಉಳಿದ. ಹುಲಗಪ್ಪ ತಪ್ಪು ಮಾಡಿರಲಿಲ್ಲ ಎಂದು ತೋರಿಸಬಹುದಾಗಿದ್ದ ಒಂದೇ ಒಂದು ಸಾಕ್ಷಿಯೂ ಅದರ ಜೊತೆಗೇ ಅಳಿಸಿಹೋಯಿತು. ಯಂತ್ರವನ್ನು ಸರಿಪಡಿಸಿ ಮನುಷ್ಯನನ್ನು ಹಾಗೇ ಬಿಟ್ಟದ್ದು, ಇದು ಅಭಿಜಿತನ ಪಾಪ. ಮೊದಲಿನದ್ದು ಬರೀ ತಪ್ಪು.

ಆಮೇಲಿನ ದಿನಗಳಲ್ಲಿ ಅವನಿಗೆ ಊಟ ಸೇರಲಿಲ್ಲ. ಸೈಟಿನಲ್ಲಿ ಯಾರಾದರೂ ‘ಕೇಬಲ್’ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬೆಚ್ಚುತ್ತಿದ್ದ. ಹೀಗಿರುವಾಗ ಒಂದು ದಿನ ಹುಲಗಪ್ಪನ ಫೋನೇ ಬಂತು.

“ಸಾಹೇಬ್ರ, ನಾ ಹುಲಗಪ್ಪ ಮಾತಾಡೂದು. ಬಾವಿಬಾಯ್ಯಾಗ ಇದ್ನಲ್ಲ. ನಿಮ್ಮ ಕೂಡ ಒಂದೀಟ ಮಾತಾಡೂದೈತ್ರಿ.”

ಅಭಿಜಿತ್ ವಿಠ್ಠಲವಾಡಿಗೆ ಹೋದ. ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಸಾಲು ಕೋಣೆಗಳ ಒಂದು ಚಾಳು, ಅದರಲ್ಲೊಂದು ಖೋಲಿ. ಹುಲಗಪ್ಪ ಕುಗ್ಗಿದ್ದ. ಕೂಗಿ ಕೂಗಿ ಗಟ್ಟಿಯಾಗಿದ್ದ ಆ ಗಂಟಲು ಈಗ ಖೋಲಿಯ ಆಚೆ ಕೇಳದಷ್ಟು ಸಣ್ಣದಾಗಿತ್ತು.

“ಎಲ್ಲಿ ಹೋದ್ರೂ ಕೆಲಸ ಕೊಡವಲ್ರು. ಡೊಂಬಿವಲಿಗೆ ಹೋದೆ, ಕಲ್ಯಾಣಕ್ಕ ಹೋದೆ. ಹಿಂದಿನ ಸೈಟಿಗೆ ಫೋನ್ ಮಾಡ್ತಾರ. ಮೆಷಿನ್ನಾಗ ಕೆಂಪ ಬಂದಾನ ಅಂತಾರ. ಮುಗೀತು. ಕೆಂಪ ಅಂದ್ರ ಏನ್ರಿ ಸಾಹೇಬ್ರ? ನಾ ಏನ ಮಾಡೇನಿ?”

ಅಭಿಜಿತ್ ಬಾಯಿ ತೆರೆದ. ಅಷ್ಟರಲ್ಲಿ ಹುಲಗಪ್ಪನ ಹೆಂಡತಿ ಸತ್ಯಮ್ಮ ಚಹಾ ತಂದಿಟ್ಟಳು.

“ಕುಡೀರಿ ಅಣ್ಣಾರ. ಆ ಮೆಷಿನ್ ಕೆಲಸದವ್ರಾಗ ನಮ್ಮ ಮಾತ ಬಲ್ಲವ್ರು ನೀವೊಬ್ರ ಅಂತ ಇವ್ರು ಹೇಳ್ತಿದ್ರು. ನಮ್ಮ ಮಂದೀನ ನಮ್ಮನ್ನ ಬಿಟ್ಟ ಕೊಟ್ಟಾರ, ನೀವಾದ್ರೂ ಒಂದ ಮಾತ ಹೇಳ್ರಿ. ನಿಮ್ಮನ್ನ ನಂಬೇವಿ.”

ಅವಳು ಬೈದಿದ್ದರೆ ಅವನು ಆಗಲೇ ಹೇಳಿಬಿಡುತ್ತಿದ್ದನೇನೋ. ನಂಬಿದ್ದೇವೆ ಎಂದಳಲ್ಲ, ಅವನು ಚಹಾದ ಲೋಟ ಎತ್ತಿಕೊಂಡ. ಸತ್ಯ ಹೇಳುವ ಬದಲು ಉಪಕಾರ ಮಾಡಲು ಹೊರಟ. ತಪ್ಪಿತಸ್ಥರು ಸಾಮಾನ್ಯವಾಗಿ ಹಿಡಿಯುವ ದಾರಿ ಇದೇ.

“ನಮ್ಮ ಅಪ್ಪನ ಹೋಟೆಲ್ ಉಂಟು, ನೌಪಾಡಾದಲ್ಲಿ. ಸಾಮಾನಿನ ಕೋಣೆ ನೋಡಿಕೊಳ್ಳಲಿಕ್ಕೆ ಜನ ಬೇಕು. ನಾಳೆ ಬನ್ನಿ. ನಾನು ಹೇಳಿಡ್ತೇನೆ.”

ಹುಲಗಪ್ಪ ಕೈಮುಗಿದ. ಅಭಿಜಿತ್ ಅದನ್ನು ನೋಡಲಾರದೆ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಲೋಕಲಿನಲ್ಲಿ ಕಲ್ಯಾಣ ಕಳೆದು ಡೊಂಬಿವಲಿ ಬರುವ ಹೊತ್ತಿಗೆ, ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ನಿಂತು, ಒಂದು ಕೆಲಸ ಕೊಡಿಸಿದರೆ ಲೆಕ್ಕ ಚುಕ್ತವಾಗುತ್ತದೆ ಎಂದು ತನಗೇ ಹೇಳಿಕೊಂಡ. ಆಗುವುದಿಲ್ಲ ಎಂದು ಅವನಿಗೆ ಒಳಗೊಳಗೇ ಗೊತ್ತಿತ್ತು.

ಅಪ್ಪನಿಗೆ ಆ ರಾತ್ರಿ ಹೇಳಿದ್ದು ಇಷ್ಟೇ: ಗುರುತಿನವನು, ಒಳ್ಳೆಯ ಜನ, ಸೈಟಿನಲ್ಲಿ ಏನೋ ಗಲಾಟೆಯಾಗಿ ಕೆಲಸ ಹೋಯಿತು. ಮಧ್ವರಾಜ ಹೂಂ ಎಂದರು. ಅವರು ಮಗನಿಗೆ ಹೂಂ ಎಂದರು ಅಂದಮಾತ್ರಕ್ಕೆ ಪದ್ಧತಿ ಬಿಟ್ಟಾರೆ?

ಮರುದಿನ ಬೆಳಗಿನ ತಿಂಡಿಯ ಗದ್ದಲ ಇಳಿದ ಮೇಲೆ ಹುಲಗಪ್ಪ ಬಂದ. ತೊಳೆದ ಅಂಗಿ ಹಾಕಿದ್ದ. ಮಧ್ವರಾಜ ಅವನನ್ನು ಒಂದು ಮೇಜಿಗೆ ಕೂರಿಸಿ ಇಡ್ಲಿ ಕಾಫಿ ಕೊಡಿಸಿ, ಹಿಂದೆ ಯಾವ ಸೈಟು, ಯಾರ ಕೈಕೆಳಗೆ ಎಂದು ಕೇಳಿದರು. ಗಲ್ಲಾದ ಹತ್ತಿರ ಹೋಗಿ ಫೋನು ಹಚ್ಚಿ, ಅಭಿಜಿತನ ತಂದೆ ಎಂದು ಪರಿಚಯ ಹೇಳಿಕೊಂಡರು. ಅಭಿಜಿತ್ ಗಲ್ಲಾದ ಕಡೆಯೇ ನೋಡುತ್ತಾ ನಿಂತ. ಇದು ಹೀಗಾಗುತ್ತದೆ ಎಂದು ಅವನಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕಿತ್ತು?

ಮಧ್ವರಾಜ ಫೋನಿನಲ್ಲಿ ಹೆಚ್ಚು ಮಾತಾಡಲಿಲ್ಲ. “ಹೌದಾ... ಯಾರು ಹೇಳಿದ್ದು?... ಹೌದಾ,” ಎಂದು ಇಟ್ಟರು. ಮೆಲ್ಲನೆ ಬಂದು ಹುಲಗಪ್ಪನ ಎದುರಿನ ಕುರ್ಚಿಯಲ್ಲಿ ಕೂತು ಮಗನನ್ನು ಕರೆದರು. ಮಗನೊಡನೆ ತುಳು ಬಿಟ್ಟು ಬೇರೆ ಮಾತಾಡದ ಮನುಷ್ಯ, ಅವತ್ತು ಬೇಕೆಂದೇ ಕನ್ನಡದಲ್ಲಿ ಕೇಳಿದರು.

“ಅಭೀ, ಇವರ ಮೇಲೆ ನಂಬಿಕೆ ಇಡ್ಬೇಡಿ ಅಂತ ಸೈಟಿನವರು ಹೇಳ್ತಾರೆ. ಯಾರು ಹೇಳಿದ್ದು ಅಂತ ಕೇಳಿದೆ. ನಿಮ್ಮ ಮಗನೇ ಹೇಳಿದ್ದಲ್ವಾ ಅಂದ್ರು. ನೀನು ಅಲ್ಲಿ ಹೇಳಿದ್ದು ನಿಜವಾ, ನಿನ್ನೆ ನನಗೆ ಹೇಳಿದ್ದು ನಿಜವಾ?”

ಹುಲಗಪ್ಪನ ಕೈ ತಟ್ಟೆಯ ಮೇಲೆ ನಿಂತಿತು.

“ಹೇಳು ಮಾರಾಯ. ಒಬ್ಬನ ಅನ್ನದ ವಿಷಯ ಇದು. ಎಂತ ಆಯ್ತು?”

ಅಭಿಜಿತ್ ಹೇಳಿದ. ನಿಂತುಕೊಂಡೇ, ಎಲ್ಲವನ್ನೂ. ಹೆಸರು ಹಾಕಿದ್ದು, ಸಿಸ್ಟಮ್ ಸುಳ್ಳು ಹೇಳಲ್ಲ ಎಂದದ್ದು, ಪೆಟ್ಟಿಗೆ, ಮಾಪಣ್ಣ, ಸಂಜೆ ಗುಟ್ಟಾಗಿ ತಿದ್ದಿದ ಲೆಕ್ಕ. ಹೇಳುತ್ತಾ ಅವನ ಕಣ್ಣು ತುಂಬಿತು. ಆದರೆ ಹಗುರಾಯಿತೇ ಎಂದರೆ, ಇಲ್ಲ. ಹುಲಗಪ್ಪ ಬೈಯಲಿಲ್ಲ, ಏಳಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಒಂದು ಪ್ರಶ್ನೆ ಕೇಳಿದ. ಅದು ಕೆಲಸದ ಬಗ್ಗೆ ಇರಲಿಲ್ಲ.

“ಹಂಗಾರ, ನಮ್ಮ ಮಂದಿ ನನ್ನ ಮ್ಯಾಲ ಹೇಳಿಲ್ಲೇನ್ರಿ?”

“ಇಲ್ಲ. ಅವರಿಗೆ ಏನೂ ಗೊತ್ತಿಲ್ಲ. ಹೇಳಿದ್ದು ಸೆಟ್ಟುಗಳು.”

“ಸೆಟ್ಟ ಅವ್ರ ತಲಿಮ್ಯಾಲನ ಇದ್ದವಲ್ರಿ,” ಎಂದ ಹುಲಗಪ್ಪ. “ನಾ ಇಷ್ಟ ದಿನ ಒಬ್ಬರ ಫೋನ್ ಸೈತ ಎತ್ತಿಲ್ಲ. ಮಾಪ್ಯಾ ಮನೀ ತನಕ ಬಂದಿದ್ದ. ಬಾಗಲಾ ತಗೀಲಿಲ್ಲ.”

ಮಧ್ವರಾಜ ಮಗನ ಮುಖ ನೋಡದೆ ಎದ್ದರು. “ಇವರಿಗೆ ನನ್ನಲ್ಲಿ ಯಾವಾಗ ಬೇಕಾದ್ರೂ ಕೆಲಸ ಉಂಟು. ಆದ್ರೆ ನೀನು ಮೊದಲು ಸೈಟಿಗೆ ಹೋಗು. ನೀನು ಕೆಡಿಸಿದ್ದನ್ನು ನನ್ನ ಹೋಟೆಲಿನಲ್ಲಿ ಮುಚ್ಚಿಡ್ಲಿಕ್ಕೆ ಆಗುದಿಲ್ಲ,” ಎಂದರು.

ಅಭಿಜಿತ್ ಅಂದೇ ಹೋದ. ರಘುಪತಿ ಎಲ್ಲ ಕೇಳಿ ಕುರ್ಚಿಗೆ ಒರಗಿದ.

“ಇಷ್ಟ್ ದಿನ ಯಾಕ್ರೀ ಸುಮ್ನಿದ್ರಿ?”

“ಹೆದರಿಕೆ ಆಯ್ತು ಸರ್. ಆರ್ಡರ್ ಹೋಗ್ತದೆ ಅಂತ.”

“ಕೇಬಲ್ ಸಿಕ್ಕಿ ಎಷ್ಟೋ ದಿನ ಆಯ್ತು. ಕಲಂಬೋಲಿ ಗೋಡೌನ್‌ಗೆ ತಪ್ಪಿ ಹೋಗಿತ್ತಂತೆ. ಸರಿ, ಅವನನ್ನ ಬರೋಕೆ ಹೇಳಿ. ಒಳ್ಳೆ ಸಿಗ್ನಲ್‌ಮನ್ ಅವನು. ಈಗ ನಿಲ್ಲಿಸಿರೋನು ಮೊನ್ನೆ ಹೊತ್ತಲ್ಲದ ಹೊತ್ತಲ್ಲಿ ಎತ್ತು ಅಂದು ತೊಟ್ಟೀನ ಗೋಡೆಗೆ ಬಡಿಸಿದಾನೆ.”

ಕೇಬಲ್ ಸಿಕ್ಕಿತ್ತಂತೆ! ಸಿಕ್ಕಿದ ಮೇಲೂ ವಿಠ್ಠಲವಾಡಿಗೆ ಒಂದು ಫೋನು ಮಾಡಬೇಕೆಂದು ಆ ಆಫೀಸಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅಭಿಜಿತನಿಗೆ ಸಿಟ್ಟು ಬಂತು. ಸಿಟ್ಟಾಗುವ ಹಕ್ಕು ತನಗಿಲ್ಲ ಎಂಬುದೂ ನೆನಪಾಯಿತು. ಪರದೆಯ ಮೇಲಿನ ಹೆಸರುಗಳನ್ನೆಲ್ಲ ತೆಗೆದು ಮತ್ತೆ ನಂಬರು ಹಾಕುತ್ತೇನೆ ಎಂದ. ರಘುಪತಿ ಹಾಕಿ ಎಂದ. ಹುಲಗಪ್ಪನ ಅಂಕವನ್ನು ಮೊದಲಿನಂತೆ ಮಾಡಲು ಒಂದು ಗುಂಡಿ ಒತ್ತುವ ಕೆಲಸ, ಅದೂ ಆಯಿತು.

ಹುಲಗಪ್ಪ ಮರಳಿ ಬಂದ ದಿನ ಅಭಿಜಿತ್ ಗುಂಪಿನವರನ್ನೆಲ್ಲ ಬಾವಿಯ ಬಳಿ ನಿಲ್ಲಿಸಿ ಹೇಳಿದ. ತಪ್ಪು ಹುಲಗಪ್ಪನದಲ್ಲ, ನಿಮ್ಮದೂ ಅಲ್ಲ, ನನ್ನದು, ಗೊತ್ತಾದ ಮೇಲೂ ಮುಚ್ಚಿಟ್ಟೆ, ನನ್ನನ್ನು ಕ್ಷಮಿಸಿ. ಕೆಲಸಗಾರರು ನೆಲ ನೋಡುತ್ತಾ ಕೇಳಿದರು. ದೊಡ್ಡವರು ಕ್ಷಮೆ ಕೇಳುವುದನ್ನು ಕಂಡು ಅಭ್ಯಾಸವಿಲ್ಲದ್ದರಿಂದ ಅವರಿಗೇ ನಾಚಿಕೆಯಾದ ಹಾಗಿತ್ತು. ಒಬ್ಬಿಬ್ಬರು ಹುಲಗಪ್ಪನ ಕಾಲು ಮುಟ್ಟಿದರು. ಮಾಪಣ್ಣ ಅತ್ತ. ಇನ್ನು ಎಲ್ಲ ಸರಿಹೋಯಿತು ಎಂದು ಅಭಿಜಿತನಿಗೆ ಅನ್ನಿಸಿ, ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಬಂತು.

ಕೆಲಸ ಶುರುವಾಯಿತು. ಹುಲಗಪ್ಪ ಬಾವಿಯ ಅಂಚಿಗೆ ಹೋಗಿ ಕೆಳಗೆ ಬಾಗಿ ನೋಡಿದ. ಕಲ್ಲು ತುಂಬಿದ ತೊಟ್ಟಿ ತಳದಲ್ಲಿ ತಯಾರಿತ್ತು. ಕೈಯೆತ್ತಿ ಹಳೆಯ ಗಂಟಲಿನಲ್ಲಿ ಕೂಗಿದ: “ಎತ್ತ್ರೋ!”

ವಿಂಚು ಅಲುಗಲಿಲ್ಲ. ಮಾಪಣ್ಣ ಯಂತ್ರದ ಮೇಲಿಂದ ಇಳಿದ. ಅಂಚಿಗೆ ಬಂದ. ಬಗ್ಗಿ ತಾನೇ ಒಮ್ಮೆ ತಳ ನೋಡಿದ. ಹೋಗಿ ಕೂತು ಹಿಡಿಕೆ ಎಳೆದ.

ಹುಲಗಪ್ಪನ ಎತ್ತಿದ ಕೈ ಹಾಗೇ ಇತ್ತು. ತೊಟ್ಟಿ ಮೇಲೆ ಬಂತು, ಖಾಲಿಯಾಯಿತು. “ಬಿಡ್ರೋ!” ಎಂದ. ಮಾಪಣ್ಣ ಮತ್ತೆ ಇಳಿದು ಬಂದು, ಬಗ್ಗಿ ನೋಡಿ, ಹೋಗಿ ಬಿಟ್ಟ. ಮೂರನೆಯ ಸಲವೂ ಹಾಗೇ ಆದಾಗ ಹುಲಗಪ್ಪ ಅಂಚು ಬಿಟ್ಟು ಅಭಿಜಿತನ ಹತ್ತಿರ ಬಂದ.

“ಸಾಹೇಬ್ರ, ನನ್ನ ತಳಕ್ಕ ಹಾಕ್ರಿ. ಕಲ್ಲ ತುಂಬತೀನಿ.”

ಮಾಪಣ್ಣನಿಗೆ ಅದು ಕೇಳಿಸಿತು. ಓಡಿ ಬಂದ.

“ಮಾಮಾ, ಹಂಗಲ್ಲೋ! ನೀ ಇಲ್ಲದಾಗ ಆ ಹೊಸಬ ಬರೋಬ್ಬರಿ ಹೇಳ್ತಿರ್ಲಿಲ್ಲ. ತೊಟ್ಟಿ ಬಡೀತು, ಒಬ್ಬನ ಕಾಲ ಹೋಗೂದ ಉಳೀತು. ಅವತ್ತಿನಿಂದ ನಾನ ಇಳದ ನೋಡೂದ ರೂಢಿ ಆಗೇತಿ. ನಿನ್ನ ಮ್ಯಾಲ ಸಂಶೇ ಅಲ್ಲೋ ಮಾಮಾ. ತಾಯಿ ಆಣಿ.”

ಅದು ನಿಜ. ಅಭಿಜಿತನಿಗೆ ಅದು ನಿಜವೆಂದು ಗೊತ್ತಿತ್ತು, ತೊಟ್ಟಿ ಬಡಿದ ಕಥೆ ರಘುಪತಿಯ ಬಾಯಿಂದಲೇ ಕೇಳಿದ್ದ. ಹುಲಗಪ್ಪ ಮಾಪಣ್ಣನನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಎದುರಿಗಿರುವವನು ಹೇಳುತ್ತಿರುವುದು ಎಷ್ಟರಮಟ್ಟಿಗೆ ಖರೆ ಎಂದು ತೂಗುವ ನೋಟ ಅದು. ಎಷ್ಟೋ ವರ್ಷ ಒಬ್ಬರ ಕೂಗಿಗೆ ಒಬ್ಬರು ಜೀವ ಒಪ್ಪಿಸಿದವರ ನಡುವೆ ಅಂಥ ನೋಟಕ್ಕೆ ಜಾಗವೇ ಇರಲಿಲ್ಲ. ಅದನ್ನು ಅಲ್ಲಿಗೆ ತಂದವನು ತಾನು ಎಂದು ಅಭಿಜಿತನಿಗೆ ತಿಳಿಯಿತು.

“ಇರಲಿ ಬಿಡೋ ಮಾಪಣ್ಣ,” ಎಂದು ಹುಲಗಪ್ಪ ತೊಟ್ಟಿಯ ಕಡೆಗೆ ನಡೆದ.

ಮಾಪಣ್ಣ ದಿಕ್ಕು ತೋಚದೆ ಅಭಿಜಿತನ ಕಡೆ ತಿರುಗಿದ. “ನೀವಾರ ಹೇಳ್ರಿ ಸಾಹೇಬ್ರ!”

ಅಭಿಜಿತ್ ಓಡಿಹೋಗಿ ತೊಟ್ಟಿಯ ಅಂಚು ಹಿಡಿದುಕೊಂಡ. “ಹುಲಗಪ್ಪ, ಮಾಪಣ್ಣ ಹೇಳ್ತಿರುವುದು ನಿಜ. ತೊಟ್ಟಿ ಬಡಿದದ್ದು ನಿಜವೇ. ಅವನಿಗೆ ನಿಮ್ಮ ಮೇಲೆ ಒಂದು ಚೂರೂ ಅನುಮಾನ ಇಲ್ಲ. ನಾನು ಹೇಳ್ತೇನಲ್ಲ, ನನ್ನ ಮಾತು ನಂಬಿ.”

ಹುಲಗಪ್ಪ ಆಗಲೇ ತೊಟ್ಟಿಯೊಳಗೆ ನಿಂತಿದ್ದ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ, ಗೊತ್ತಿಲ್ಲದ್ದನ್ನು ತಿಳಿದವರಲ್ಲಿ ಕೇಳುವವನ ಹಾಗೆ ಮೆತ್ತಗೆ ಕೇಳಿದ:

“ನೀವು ಹೇಳೂದನ್ನ ನಾ ಹೆಂಗ ನಂಬಲ್ರಿ, ಸಾಹೇಬ್ರ?”